ಹೆಂಚಿನ ಮನೆಗೆ ಊರು ಬಂದದ್ದು

ಹುಣಸೆಮಾಳದ ವೃಷಭೇಂದ್ರಪ್ಪನಿಗೆ ಕೋಪ ಬರಲು ಕಾರಣ ಬೇಕಿರಲಿಲ್ಲ. ಕಾರಣ ಸಿಕ್ಕಿದರೆ ಅನುಕೂಲವಾಯಿತು ಎಂದುಕೊಳ್ಳುತ್ತಿದ್ದ, ಅಷ್ಟೆ. ಬೆಳಿಗ್ಗೆ ಹಲ್ಲುಜ್ಜುವಾಗ ಕಡ್ಡಿ ಕಹಿಯಾಗಿದೆ ಎಂದು ಬೇವಿನ ಮರವನ್ನು ಬಯ್ಯುತ್ತಿದ್ದ. ತನ್ನ ಹೆಸರನ್ನು ಊರಿನಲ್ಲಿ ಒಬ್ಬರೂ ನೆಟ್ಟಗೆ ಹೇಳದೆ 'ರುಸಬಪ್ಪ' ಎನ್ನುತ್ತಾರೆ ಎಂಬುದು ಅವನ ಇಪ್ಪತ್ತು ವರ್ಷದ ಸಿಟ್ಟು. ಕೊಳ್ಳೇಗಾಲ ತಾಲೂಕು ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಆಗ ನಾಲ್ಕು ವರ್ಷ. ಮದ್ರಾಸಿನ ಮೇಲಿದ್ದ ಸಿಟ್ಟನ್ನು ಅವನು ಒಂದು ದಿನವೂ ತಡಮಾಡದೆ ಮೈಸೂರಿನ ಮೇಲಕ್ಕೆ ವರ್ಗ ಮಾಡಿಕೊಂಡಿದ್ದ.

ಹನೂರಿನಿಂದ ಆಚೆ, ದೊಡ್ಡಗುಡ್ಡದ ಬುಡದಲ್ಲಿ ಮೂವತ್ತು ಮನೆಯ ಊರು ಅದು. ಇಪ್ಪತ್ತೊಂಬತ್ತು ಹುಲ್ಲಿನ ಮನೆ. ಮೂವತ್ತನೆಯದು ವೃಷಭೇಂದ್ರಪ್ಪನ ಹೆಂಚಿನ ಮನೆ. ಕೊಳ್ಳೇಗಾಲದಿಂದ ಒಂಬತ್ತು ಸಲ ಗಾಡಿ ಹೊಡೆದು, ದಾರಿಯ ಒಂದೊಂದು ಗುಂಡಿಯನ್ನೂ ಬಯ್ದು, ಹೆಂಚು ತಂದಿದ್ದ. ಹೊದಿಸಿದ ದಿನ ಊರಿಗೆಲ್ಲ ಪಾಯಸ ಹಾಕಿಸಿ, ಅಂಗಳದಲ್ಲಿ ನಿಂತು ಸೂರಿನ ಕಡೆ ಬೆರಳು ತೋರಿಸಿದ್ದ.

"ನೋಡ್ಕಳಿ. ದೊಡ್ಡಗುಡ್ಡನೇ ಉರ್ಕಂಡು ಬಂದ್ರೂ ಈ ಮನೆಗೆ ಒಂದ್ ಕಿಡಿ ಹತ್ತಕ್ಕಿಲ್ಲ. ನಿಮ್ಮ ಹುಲ್ಲಿನ ಗುಡ್ಲುಗಳಂಗಲ್ಲ."

ಪಾಯಸ ತಿನ್ನುತ್ತಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಬಾಯಿ ತುಂಬಿರುವಾಗ ಮನುಷ್ಯ ಇನ್ನೇನು ಮಾಡಿಯಾನು?

ಒಂದು ವಿಷಯ ಮಾತ್ರ ಗಂಡ ಹೆಂಡತಿ ಇಬ್ಬರ ನಡುವೆ ಉಳಿದಿತ್ತು. ಹೆಂಡತಿ ಶಂಕರಮ್ಮ ರೇಷ್ಮೆ ಹುಳು ಸಾಕುತ್ತಿದ್ದಳು. ಬೇಸಿಗೆಯಲ್ಲಿ ಬರೀ ಹೆಂಚಿನ ಕೆಳಗೆ ಹುಳು ಬೆಂದುಹೋಗುತ್ತವೆ, ಹುಲ್ಲಿನ ತಂಪು ಬೇಕೇಬೇಕು ಎಂದು ಹಟ ಹಿಡಿದಿದ್ದಳು. ಅದಕ್ಕೇ ಹಳೆಯ ಹುಲ್ಲಿನ ಹೊದಿಕೆಯನ್ನು ಹಾಗೆಯೇ ಬಿಟ್ಟು ಅದರ ಮೇಲೆ ಹೆಂಚು ಹೊದಿಸಿದ್ದರು. ಒಳಗಿನಿಂದ ಕಾಣದಿರಲೆಂದು ಬಿದಿರಿನ ತಟ್ಟಿ ಬಡಿದಿದ್ದರು. ಹೊರಗಿನಿಂದ ಮನೆ ಕೆಂಪಗೆ, ಗಟ್ಟಿಮುಟ್ಟಾಗಿ, ಸಾಹುಕಾರನಂತೆ ನಿಂತಿತ್ತು. ಒಳಗೆ ಹನ್ನೆರಡು ವರ್ಷದ ಒಣಹುಲ್ಲು.

ಆ ಸಲ ಶಿವರಾತ್ರಿ ಕಳೆದು ಮೂರನೆಯ ವಾರ ದೊಡ್ಡಗುಡ್ಡದ ಆಚೆ ಮಗ್ಗುಲಿಗೆ ಬೆಂಕಿ ಬಿತ್ತು. ಮೊದಲನೆಯ ದಿನ ಹೊಗೆ ಕಂಡಿತು. ಎರಡನೆಯ ದಿನ ಗುಡ್ಡದ ನೆತ್ತಿಯ ಮೇಲೆ ಕೆಂಪು ಗೆರೆ ಎದ್ದಿತು. ಮೂರನೆಯ ದಿನ ಬೆಳಿಗ್ಗೆ ವೃಷಭೇಂದ್ರಪ್ಪನ ರಾಗಿ ಅಂಬಲಿಗೆ ಬೂದಿ ಉದುರಿತು. ಅವನು ಅಂಬಲಿಯನ್ನು ಬಯ್ದ, ಗಾಳಿಯನ್ನು ಬಯ್ದ, ಮೈಸೂರು ಸರ್ಕಾರವನ್ನು ಬಯ್ದ. ಅಷ್ಟರಲ್ಲಿ ಫಾರೆಸ್ಟ್ ಗಾರ್ಡ್ ಮುತ್ತಯ್ಯ ಬೆವರು ಸುರಿಸುತ್ತ ಅರಳಿಕಟ್ಟೆಯ ಹತ್ತಿರ ಬಂದು ನಿಂತ. ಮುತ್ತಯ್ಯ ಮದ್ರಾಸಿನ ಕಾಲದಿಂದ ಇದ್ದವನು. ಹೆದರಿದಾಗ ಅವನ ಬಾಯಲ್ಲಿ ಕನ್ನಡವೂ ತಮಿಳೂ ಒಂದರ ಮೇಲೊಂದು ಬೀಳುತ್ತಿದ್ದವು.

"ಎಲ್ರೂ ಕೇಳಿ! ನೆರುಪ್ಪು, ಬೆಂಕಿ ಈ ಕಡೆ ಇಳೀತಾ ಅದೆ. ಕಲ್ಲಳ್ಳ ದಾಟಿದ್ರೆ ವಿಸಿಲ್ ಊದ್ತೀನಿ. ಊದಿದ ತಕ್ಷಣ ಮನೆ ಬಿಟ್ಟು ಕೆರೆ ಅಂಗಳಕ್ಕೆ ಓಡಬೇಕು. ಈಗಿಂದ್ಲೇ ರೆಡಿಯಾಗಿ!"

'ಮನೆ ಬಿಟ್ಟು' ಎಂಬ ಮಾತು ಕಿವಿಗೆ ಬಿದ್ದೊಡನೆ ವೃಷಭೇಂದ್ರಪ್ಪ ಮುಂದಿನದಕ್ಕೆ ಕಾಯಲಿಲ್ಲ. ಪಂಚೆ ಎತ್ತಿಕಟ್ಟಿ ಮನೆಯ ಕಡೆ ಹೊರಟೇಬಿಟ್ಟ. ಕಾದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಹೋದಮೇಲೆ ಮುತ್ತಯ್ಯ ಇನ್ನೊಂದು ಮಾತು ಹೇಳಿದ.

"ಸಾಮಾನೆಲ್ಲ ಪತ್ರಮಾ ಇಡಿ!"

"ಯಾವ ಪತ್ರ ಸಾ? ನಮ್ತಾವ ಯಾವ ಪತ್ರಾನೂ ಇಲ್ವಲ್ಲ" ಎಂದಳು ಮುದುಕಿ ಕೆಂಪಾಜಮ್ಮ.

"ಅಯ್ಯೋ, ಕಾಗದ ಅಲ್ಲಮ್ಮ! ಪತ್ರಮಾ ಅಂದ್ರೆ ಬದ್ರವಾಗಿ! ಬೆಂಕಿ ಹತ್ತದೇ ಇರೋ ಜಾಗದಲ್ಲಿ ಇಡಿ!"

ಬೆಂಕಿ ಹತ್ತದೇ ಇರುವ ಜಾಗ. ಇಪ್ಪತ್ತೊಂಬತ್ತು ಮನೆಯವರ ಕುತ್ತಿಗೆಯೂ ಒಟ್ಟಿಗೆ ಕೆಂಪು ಹೆಂಚಿನ ಕಡೆ ತಿರುಗಿತು.

ಇತ್ತ ಮನೆಯಲ್ಲಿ ವೃಷಭೇಂದ್ರಪ್ಪ ಗಾಡಿಗೆ ಎತ್ತು ಹೂಡಿ ಆಗಿತ್ತು. ಅವನ ಯೋಚನೆ ನೇರವಾಗಿತ್ತು. ಹೆಂಚಿನ ಮನೆಯವನು ಎಲ್ಲರಿಗಿಂತ ಮೊದಲು ಓಡಿದನೆಂದು ಯಾರೂ ಹೇಳಬಾರದು, ಆದ್ದರಿಂದ ಯಾರೂ ನೋಡುವ ಮೊದಲೇ ಓಡಬೇಕು. ಧನಗೆರೆಯಲ್ಲಿ ತಂಗಿಯ ಮನೆಯಿತ್ತು. ಕೇಳಿದರೆ ತಂಗಿಗೆ ಹುಷಾರಿಲ್ಲ ಎಂದರಾಯಿತು.

"ಕಟ್ಟೇ, ಬೇಗ ಕಟ್ಟು! ಧನಗೆರೆಗೆ ಓಗವ!" ಎಂದು ಒಳಗೆ ನುಗ್ಗಿದ.

ಶಂಕರಮ್ಮ ಹುಳುವಿನ ತಟ್ಟೆಗಳ ಮುಂದೆ ಕುಳಿತಿದ್ದಳು. ಎದ್ದೇಳಲಿಲ್ಲ.

"ಹುಳ ಹಣ್ಣಾಗವೆ, ಗೂಡು ಕಟ್ಟೋ ಹೊತ್ತು. ಇವತ್ತು ಚಂದ್ರಿಕೆಗೆ ಬಿಡಬೇಕು. ಗಾಡೀಲಿ ಕುಲುಕುಸ್ಕಂಡು ಧನಗೆರೆಗಂಟ ಓದ್ರೆ ಗೂಡು ಕಟ್ಟಾವಾ? ನಾ ಬರಕ್ಕಿಲ್ಲ."

"ಗುಡ್ಡ ಉರೀತಾ ಅದೆ, ಹುಳ ಅಂತೀಯಲ್ಲೇ! ಮೂರೊತ್ತೂ ಸೊಪ್ಪು ತಿಂದು ತಿಂದು ಹೊಟ್ಟೆ ಬೆಳಸ್ಕಂಡವ್ಕೆ ಇವತ್ತೇ ಹಣ್ಣಾಗಬೇಕಾ? ನೆನ್ನೆ ಏನ್ ರೋಗ ಬಂದಿತ್ತು?"

ಹುಳುಗಳು ಈ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಅವನ ಕೋಪ ಇನ್ನೂ ಏರಿತು. ಕೋಪದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಹೊರಗೆ ಸಾಗಿಸತೊಡಗಿದ. ಕಬ್ಬಿಣದ ಟ್ರಂಕು, ತಾಮ್ರದ ಹಂಡೆ, ಮೂರು ಕುಡುಗೋಲು, ಬುಡ್ಡಿ ಒಡೆದ ಲಾಂದ್ರ, ಹೋದ ವರ್ಷದ ಪಂಚಾಂಗ. ಊಟದ ತಟ್ಟೆಗಳು ಅಲ್ಲೇ ಉಳಿದವು. ಕೋಪಿಷ್ಠರು ಮನೆ ಖಾಲಿ ಮಾಡುವ ಕ್ರಮವೇ ಹಾಗೆ.

ಹಂಡೆಯನ್ನು ಹೆಗಲಿಗೇರಿಸಿ ಹೊಸ್ತಿಲು ದಾಟುತ್ತಿದ್ದಾನೆ, ಎದುರಿಗೆ ಕೆಂಪಾಜಮ್ಮ. ನುಗ್ಗೆಮರದ ಒಂದು ಕೊಂಬೆಯ ಸಲುವಾಗಿ ಇಬ್ಬರಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಅವಳ ಒಂದು ಕಂಕುಳಲ್ಲಿ ಕೋಳಿ, ಇನ್ನೊಂದರಲ್ಲಿ ಕೋಳಿ, ತಲೆಯ ಮೇಲೆ ಮೆಣಸಿನಕಾಯಿ ಮೂಟೆ. ಅವಳು ಹಂಡೆಯನ್ನು ನೋಡಿದಳು, ಹೊರಗಿದ್ದ ಟ್ರಂಕನ್ನು ನೋಡಿದಳು. ಮುದುಕಿಯ ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಅಯ್ಯೋ ನನ್ನಪ್ಪ! ನಮ್ಗೆ ಜಾಗ ಮಾಡಕ್ಕೆ ನಿನ್ ಸಾಮಾನ್ನೆಲ್ಲ ಆಚ್ಗೆ ಆಕ್ತಾ ಇದ್ದೀಯಾ ರುಸಬಪ್ಪ? ನಿನ್ನ ಎಷ್ಟು ಬೈದಿದ್ನಲ್ಲ ನಾನು!"

"ಯಾರ್ಗೆ ಜಾಗ? ಯಾವ ಜಾಗ?"

ಅವಳು ಆಗಲೇ ಒಳಗಿದ್ದಳು. ಕೋಳಿಗಳೂ ಒಳಗಿದ್ದವು. ಹಿಂದೆಯೇ ಬೀದಿಯ ತುಂಬ ಊರು ಬರುತ್ತಿತ್ತು. ಒರಳುಕಲ್ಲು ಉರುಳಿಸಿಕೊಂಡು ಬಂದವರು, ನೇಗಿಲು ಹೊತ್ತವರು, ತೊಟ್ಟಿಲು ಹಿಡಿದವರು, ಹಿಡಿಯುವುದಕ್ಕೆ ಏನೂ ಇಲ್ಲದೆ ಪಕ್ಕದ ಮನೆಯ ಮೇಕೆಯನ್ನು ಎಳೆದುಕೊಂಡು ಬಂದವರು.

"ನೋಡ್ರಲಾ, ತನ್ನ ಹಂಡೇನ ತಾನೇ ಹೊತ್ತು ಬೀದೀಲಿ ಮಡಗ್ತಾವನೆ! ಮನುಷ ಅಂದ್ರೆ ಹಿಂಗಿರಬೇಕು!" ಎಂದ ನೇಗಿಲು ಹೊತ್ತವನೊಬ್ಬ.

"ಲೇ, ನಿಂತ್ಕಳಿ! ಇದು ಮನೆಯಾ ಛತ್ರವಾ? ಆಚ್ಗೆ ನಡೀರಿ!" ಎಂದು ಕಿರುಚಿದ ವೃಷಭೇಂದ್ರಪ್ಪ.

"ಆಚ್ಗೆ ನಡೀರಿ ಅಂದ್ರೆ ಕೇಳ್ಬಾರ್ದಾ? ಬಾಗಿಲಲ್ಲಿ ಗುಂಪು ಕಟ್ಬೇಡಿ, ಸರ್ದು ಹಿಂದಿನ ಕೋಣೆಗೆ ನಡೀರಿ!" ಎಂದು ಒಬ್ಬ ಹಿರಿಯ ಅವನ ಮಾತನ್ನು ಎಲ್ಲರಿಗೂ ತಿಳಿಯುವ ಹಾಗೆ ಬಿಡಿಸಿ ಹೇಳಿದ. ಜನ ಶಿಸ್ತಿನಿಂದ ಹಿಂದಿನ ಕೋಣೆಗೆ ನಡೆದರು.

ವೃಷಭೇಂದ್ರಪ್ಪ ಹಂಡೆಯನ್ನು ಗಾಡಿಯಲ್ಲಿಡಲು ಓಡಿದ. ಗಾಡಿಯೇ ಇರಲಿಲ್ಲ. ಶಂಕರಮ್ಮನ ತಮ್ಮ ಜಡೇಸ್ವಾಮಿ ಅದರ ಮೇಲೆ ನಿಂತು ಎತ್ತು ಹೊಡೆಯುತ್ತಿದ್ದ. ಟ್ರಂಕೂ ಕುಡುಗೋಲೂ ಪಂಚಾಂಗವೂ ಬೀದಿಯ ದೂಳಿನಲ್ಲಿ ಇಳಿದಿದ್ದವು.

"ಎಲ್ಗ್ಲಾ ಓಯ್ತಾ ಇದ್ದೀಯ?"

"ನೀನ್ ಯೋಳದೇ ಬ್ಯಾಡ ಬಾವ, ಅರ್ಥ ಮಾಡ್ಕಂಡೆ! ನಡೆಯಕ್ಕಾಗದೋರ್ನ ಕರ್ಕಬರಕ್ಕೆ ತಾನೆ ಗಾಡಿ ಕಟ್ಟಿರದು? ಮ್ಯಾಗ್ಲು ಕೇರೀಲಿ ನಾಕು ಜನ ಮುದುಕ್ರವ್ರೆ, ತಂದ್ಬುಡ್ತೀನಿ!"

"ನಿನ್ ತಲೆ ತರ್ತೀಯ! ಇಳ್ಯೋ ಕತ್ತೆ ನನ್ಮಗನೆ!"

ಗಾಡಿ ಮೂಲೆ ತಿರುಗಿತು. ಜಡೇಸ್ವಾಮಿಗೆ ಬಾವನ ಬೈಗುಳ ಹೊಸದಲ್ಲ. ಅದನ್ನು ಅವನು ಆಶೀರ್ವಾದವೆಂದು ತೆಗೆದುಕೊಂಡು ಬಹಳ ಕಾಲವಾಗಿತ್ತು. ಅರ್ಧ ಗಂಟೆಯಲ್ಲಿ ನಾಲ್ಕು ಜನ ಮುದುಕರನ್ನು ತಂದು ನಡುಮನೆಯಲ್ಲಿ ಸಾಲಾಗಿ ಇಳಿಸಿದ. ಅವರಲ್ಲಿ ಒಬ್ಬ ಕುಳಿತ ಜಾಗದಿಂದಲೇ ಕೈಯೆತ್ತಿ, "ನೂರು ವರ್ಷ ಬಾಳು ರುಸಬಪ್ಪ" ಎಂದ.

"ನನ್ನೆಸರು ವೃಷಭೇಂದ್ರಪ್ಪ!" ಎಂದು ಇವನು ಗರ್ಜಿಸಿದ. ಮುದುಕನಿಗೆ ಕಿವಿ ಕೇಳುತ್ತಿರಲಿಲ್ಲ.

ತನ್ನ ಮನೆಯಲ್ಲಿ ತನಗೇ ಕಾಲಿಡಲು ಜಾಗವಿಲ್ಲದೆ ಅವನು ಮೇಕೆಯ ಮೇಲೆ, ಒರಳಿನ ಮೇಲೆ ಎಡವುತ್ತ ಹುಳುವಿನ ಕೋಣೆಗೆ ಹೋದ. ಶಂಕರಮ್ಮ ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಯ ಬಿದಿರು ಸುರುಳಿಗಳಿಗೆ ಬಿಡುತ್ತಿದ್ದಳು. ಕೆಂಪಾಜಮ್ಮನೂ ಇನ್ನಿಬ್ಬರು ಹೆಂಗಸರೂ ಆಗಲೇ ಅವಳ ಜೊತೆ ಕೂತು ಕೈಹಾಕಿದ್ದರು. ಅವಳು ಎದ್ದು ಬಂದು ಗಂಡನನ್ನು ಬಾಗಿಲ ಸಂದಿಗೆ ಕರೆದಳು. ದನಿ ಏರಿಸಲಿಲ್ಲ.

"ಈ ಜನ ನಿಮ್ಮ ಮಾತ ನಂಬ್ಕಂಡು ಬಂದವ್ರೆ. ಮೇಲೆ ಏನದೆ ಅಂತ ನಿಮ್ಗೂ ಗೊತ್ತು, ನನ್ಗೂ ಗೊತ್ತು."

"ನಾ ಕರೆದ್ನಾ ಇವ್ರ್ನ?"

"ಪಾಯಸ ಆಕಿ ಕರೆದ್ರಿ."

ವೃಷಭೇಂದ್ರಪ್ಪನಿಗೆ ಮೈಯೆಲ್ಲ ಉರಿಯಿತು. ಹೆಂಡತಿಯ ಮೇಲೆ ಸಿಟ್ಟು ಮಾಡಬೇಕೆಂದು ಬಾಯಿ ತೆರೆದ. ಅವಳು ಹೇಳಿದ್ದರಲ್ಲಿ ಬಯ್ಯುವುದಕ್ಕೆ ಒಂದು ಎಳೆಯೂ ಸಿಗಲಿಲ್ಲ. ಅದೇ ಅವನಿಗೆ ತಡೆಯಲಾರದ ಸಿಟ್ಟಾಯಿತು.

ಆಗ ಹೊರಗೆ ವಿಸಿಲ್ ಕೂಗಿತು.

ಮುತ್ತಯ್ಯ ಓಡಿಬಂದಿದ್ದ. ಮೀಸೆಯ ಒಂದು ಕಡೆ ಸುಟ್ಟಿತ್ತು. "ಕಲ್ಲಳ್ಳ ದಾಟ್ತು! ಓಡ್ರಿ! ಎಲ್ರೂ ಕೆರೆ ಅಂಗಳಕ್ಕೆ ಓಡ್ರಿ!"

ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎಲ್ಲರೂ ಹೆಂಚಿನ ಮನೆಯೊಳಗೆ ನೆಮ್ಮದಿಯಾಗಿ ಕುಳಿತಿದ್ದರು. ಕೆಲವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ನಾವು ಬರಕ್ಕಿಲ್ಲ ಸಾ, ನಮ್ಗೆ ಇಲ್ಲೇ ಬದ್ರ" ಎಂದ ಒಬ್ಬ ಕಿಟಕಿಯಿಂದ. "ರುಸಬಪ್ಪನ ಮನೆಗೆ ಬೆಂಕಿ ಹತ್ತಕ್ಕಿಲ್ಲ. ನೀವೂ ಬಂದ್ಬುಡಿ, ಇಲ್ಲಿ ಒಬ್ರಿಗೆ ಜಾಗ ಅದೆ."

ವೃಷಭೇಂದ್ರಪ್ಪ ಹೊಗೆಯ ಕಡೆ ನೋಡಿದ. ಕಾಡಂಚಿನ ಲಂಟಾನ ಪೊದೆಗಳು ಪಟಪಟ ಸಿಡಿಯುವುದು ಕೇಳಿಸುತ್ತಿತ್ತು. ಆಮೇಲೆ ಬಾಗಿಲೊಳಗೆ ನೋಡಿದ. ನೂರಕ್ಕೆ ಮೇಲ್ಪಟ್ಟ ಜನ, ತೊಟ್ಟಿಲಲ್ಲಿ ಕೂಸು, ಸಾಲಾಗಿ ನಾಲ್ಕು ಮುದುಕರು. ಎಲ್ಲರ ನೆತ್ತಿಯ ಮೇಲೆ ಹನ್ನೆರಡು ವರ್ಷದ ಒಣಹುಲ್ಲು.

"ಎದ್ದೇಳ್ರಲಾ!" ಎಂದ. "ಸುಳ್ಳು ಯೋಳಿದ್ದೆ! ಈ ಮನೆಗೂ ಬೆಂಕಿ ಹತ್ಕತದೆ! ಹೆಂಚಿನ ಕೆಳಗೆ ಹುಲ್ಲದೆ, ಬರೀ ಹುಲ್ಲು!"

ಕೆಂಪಾಜಮ್ಮ ಒಳಗಿನಿಂದ ಗೊಳ್ಳೆಂದು ನಕ್ಕಳು. "ನಮ್ಮ ಜೀವ ಅದುರಬಾರ್ದು ಅಂತ ತಮಾಸೆ ಮಾಡ್ತಾವನೆ ಕಣ್ರೇ!"

"ತಮಾಸೆ ಅಲ್ಲ ಕಣಮ್ಮೋ! ನಾನು ಓಡೋಗಕ್ಕೆ ಗಾಡಿ ಕಟ್ಟಿದ್ದೆ! ನಿಮ್ಮನ್ನೆಲ್ಲ ಬಿಟ್ಟು ಧನಗೆರೆಗೆ ಓಡೋಗ್ತಿದ್ದೆ!"

ಅದಕ್ಕೆ ಇನ್ನೂ ದೊಡ್ಡ ನಗು ಎದ್ದಿತು. ಇಡೀ ಬದುಕಿನಲ್ಲಿ ವೃಷಭೇಂದ್ರಪ್ಪ ನಾಲ್ಕು ಜನರ ಮುಂದೆ ಒಪ್ಪಿಕೊಂಡ ಒಂದೇ ಒಂದು ನಿಜ ಅದು. ಅದನ್ನು ಒಬ್ಬರೂ ನಂಬಲಿಲ್ಲ. ಅವನ ಸುಳ್ಳು ಅವನಿಗಿಂತ ಗಟ್ಟಿಯಾಗಿ ಊರಿನಲ್ಲಿ ಬೇರುಬಿಟ್ಟಿತ್ತು.

ಅಲ್ಲಿಗೆ ಅವನ ಕೋಪದ ಕಟ್ಟೆ ಒಡೆಯಿತು. ಈ ಸಲದ ಕೋಪ ಮರದ ಮೇಲಿನದಲ್ಲ, ಮೈಸೂರಿನ ಮೇಲಿನದೂ ಅಲ್ಲ. ಏಣಿ ಎಳೆದು ಗೋಡೆಗೆ ಒರಗಿಸಿ ಸೂರಿನ ಮೇಲೆ ಹತ್ತಿದ. ಒಂಬತ್ತು ಸಲ ಗಾಡಿ ಹೊಡೆದು ತಂದಿದ್ದ ಹೆಂಚಿಗೆ ಕೈಹಾಕಿದ. ಮೊದಲನೆಯದನ್ನು ಕಿತ್ತು ಅಂಗಳಕ್ಕೆ ಎಸೆದ. ಫಳಾರ್ ಎಂದು ಒಡೆಯಿತು.

"ನಗ್ತೀರಾ? ನಗ್ರಿ!" ಎರಡನೆಯದು. "ಎಲೆ ಅಡಿಕೆ ಆಕ್ಕತೀರಾ?" ಮೂರನೆಯದು, ನಾಲ್ಕನೆಯದು. "ನೂರು ವರ್ಷ ಬಾಳ್ಬೇಕಾ ನಾನು, ನಿಮ್ಮನ್ನೆಲ್ಲ ಸುಟ್ಟು?"

ಹೆಂಚು ಹೋದ ಜಾಗದಲ್ಲಿ ಕಪ್ಪಗೆ ಮುದುರಿದ ಹಳೆಯ ಹುಲ್ಲು ಕಂಡಿತು. ಅವನು ಅದನ್ನೂ ಹಿಡಿಹಿಡಿಯಾಗಿ ಕಿತ್ತ. ಒಂದು ಕಡೆ ತಟ್ಟಿಯನ್ನು ಕಾಲಿನಿಂದ ಒದ್ದು ತೂತು ಮಾಡಿದ. ನಡುಮನೆಯಲ್ಲಿ ಕೂತಿದ್ದವರ ತಲೆಯ ಮೇಲೆ ಹುಲ್ಲೂ ದೂಳೂ ಇಲಿಯ ಗೂಡೂ ಒಟ್ಟಿಗೆ ಸುರಿದವು. ತೂತಿನಿಂದ ಕೆಂಪಗಿನ ಆಕಾಶ ಕಂಡಿತು, ಅದರ ನಡುವೆ ವೃಷಭೇಂದ್ರಪ್ಪನ ಮುಖ ಕಂಡಿತು.

ಜಡೇಸ್ವಾಮಿ ಮೈಮೇಲೆ ಬಿದ್ದ ಹುಲ್ಲನ್ನು ಎತ್ತಿ ಮೂಸಿ ನೋಡಿದ. "ಲೇ, ನಿಜವಾಗ್ಲೂ ಹುಲ್ಲು ಕಣ್ಲಾ!"

ಊರೆಲ್ಲ ಒಂದೇ ಸಲಕ್ಕೆ ಬಾಗಿಲಿಗೆ ನುಗ್ಗಿತು.

"ಮೋಸಗಾರ! ಕಳ್ಳ ನನ್ಮಗನೆ! ಪಾಯಸ ಆಕಿ ಕತ್ತು ಕುಯ್ಯಕ್ಕೆ ಇದ್ಯಲ್ಲೋ!"

"ಆಮೇಲೆ ಬೈರಿ! ಮುದುಕ್ರ ಎತ್ಕಳಿ ಮೊದ್ಲು! ಜಡೇಸ್ವಾಮಿ, ಕೂಸು! ತೊಟ್ಲಲ್ಲಿ ಕೂಸದೆ, ನೋಡೋ ಕತ್ತೆ!" ಎಂದು ಅವನು ಮೇಲಿನಿಂದ ಬಯ್ಯುತ್ತಲೇ ಇದ್ದ. ಅವರು ಅವನನ್ನು ಬಯ್ಯುತ್ತಲೇ ಅವನು ಹೇಳಿದ್ದನ್ನೆಲ್ಲ ಮಾಡಿದರು. ನಾಲ್ಕು ಮುದುಕರು ಗಾಡಿ ಹತ್ತಿದರು. ಒರಳುಕಲ್ಲುಗಳು ಅಲ್ಲೇ ಉಳಿದವು. ಶಂಕರಮ್ಮನ ಚಂದ್ರಿಕೆಗಳನ್ನು ಆರು ಜನ ಹೆಂಗಸರು ತಲೆಯ ಮೇಲೆ ಹೊತ್ತರು. ಕೆಂಪಾಜಮ್ಮನ ಸೆರಗಿನೊಳಕ್ಕೆ ಎರಡು ಹುಳು ಇಳಿದವು. ಅವಳು ಹುಳುಗಳಿಗೆ ಒಂದು ಬೈಗುಳ, ವೃಷಭೇಂದ್ರಪ್ಪನಿಗೆ ಒಂದು ಬೈಗುಳ ಎಂದು ಸರದಿಯಲ್ಲಿ ಹಂಚುತ್ತ ಕೆರೆಯವರೆಗೂ ನಡೆದಳು. ಎಲ್ಲರಿಗಿಂತ ಕೊನೆಗೆ ವೃಷಭೇಂದ್ರಪ್ಪ ಏಣಿ ಇಳಿದು ಹೊರಟ.

ಕೆರೆಯಲ್ಲಿ ನೀರಿರಲಿಲ್ಲ. ಬಿರುಕು ಬಿಟ್ಟ ಬಟ್ಟಬಯಲಲ್ಲಿ ಸುಡುವುದಕ್ಕೆ ಒಂದು ಕಡ್ಡಿಯೂ ಇರಲಿಲ್ಲ. ಹೆಂಗಸರೂ ಮುದುಕರೂ ಅಲ್ಲಿ ಕುಳಿತರು. ಗಂಡಸರು ಮುತ್ತಯ್ಯನ ಜೊತೆ ಹಸಿ ಹೊಂಗೆಸೊಪ್ಪಿನ ಕೊಂಬೆ ಮುರಿದುಕೊಂಡು, ಊರಿಗೂ ಕಾಡಿಗೂ ನಡುವಿನ ಉತ್ತ ಹೊಲದ ಅಂಚಿಗೆ ಹೋಗಿ ಬೆಂಕಿಯನ್ನು ಬಡಿಯತೊಡಗಿದರು. ವೃಷಭೇಂದ್ರಪ್ಪ ಬಡಿದ ಹಾಗೆ ಯಾರೂ ಬಡಿಯಲಿಲ್ಲ. ಅವನಿಗೆ ಜೀವಮಾನದಲ್ಲಿ ಮೊದಲ ಸಲ ತನ್ನ ಕೋಪದಷ್ಟೇ ದೊಡ್ಡದಾದ ಎದುರಾಳಿ ಸಿಕ್ಕಿತ್ತು. ಹೊತ್ತು ಇಳಿಯುವ ಹೊತ್ತಿಗೆ ಗಾಳಿ ತಿರುಗಿತು. ಬೆಂಕಿ ಉತ್ತ ಮಣ್ಣನ್ನು ದಾಟಲಾರದೆ ಅಂಚಿನಲ್ಲೇ ಹೊಗೆಯಾಡಿ ಕುಸಿಯಿತು.

ಊರಿಗೆ ಹಿಂತಿರುಗಿ ನೋಡಿದರೆ ಇಪ್ಪತ್ತೊಂಬತ್ತು ಹುಲ್ಲಿನ ಮನೆಗಳೂ ಇದ್ದ ಹಾಗೇ ಇದ್ದವು. ಹಾರಿಬಂದ ಕಿಡಿ ಒಂದೇ ಕಡೆ ಬಿದ್ದಿತ್ತು. ವೃಷಭೇಂದ್ರಪ್ಪನ ಮನೆಯ ಹಿಂದಿನ ಬಣವೆ ಸುಟ್ಟು ಬೂದಿಯಾಗಿತ್ತು, ಹಿಂದಿನ ಗೋಡೆಗೆ ಕಪ್ಪು ಹಿಡಿದಿತ್ತು. ಇನ್ನೆರಡು ಮಾರು ಬಂದಿದ್ದರೆ ಸೂರು. ಜನ ಆ ಬೂದಿಯನ್ನು ನೋಡಿದರು, ಸೂರನ್ನು ನೋಡಿದರು, ತಮ್ಮ ತಮ್ಮ ಒರಳುಕಲ್ಲು ಉರುಳಿಸಿಕೊಂಡು ಹೋದರು. ಮಾರನೆಯ ದಿನದಿಂದ ಮತ್ತೆ ಬಯ್ಯತೊಡಗಿದರು. ಬಾವಿಯ ಹತ್ತಿರ ಬಯ್ದರು, ಕಟ್ಟೆಯ ಹತ್ತಿರ ಬಯ್ದರು. ಕೆಂಪಾಜಮ್ಮ ಅವನ ಮನೆಯ ಮುಂದೆಯೇ ನಿಂತು ದಿನಕ್ಕೆರಡು ಸಲ ಬಯ್ದಳು. ಅವಳ ಒಂದು ಕೋಳಿ ಕಾಣೆಯಾಗಿತ್ತು.

ನಾಲ್ಕನೆಯ ದಿನ ಕೊಳ್ಳೇಗಾಲದಿಂದ ಬೆಂಕಿಯ ಹಾನಿ ಬರೆದುಕೊಳ್ಳಲು ಸದಾಶಿವಪ್ಪ ಎಂಬ ಗುಮಾಸ್ತ ಬಂದ. ಕೊಡೆ, ಚೀಲ, ಉದ್ದನೆಯ ಪುಸ್ತಕ. ಊರೆಲ್ಲ ಸುತ್ತಿ ಬಂದು, ಹಾನಿಯಾದ ಮನೆ ಒಂದೇ ಎಂದು ವೃಷಭೇಂದ್ರಪ್ಪನ ಅಂಗಳದಲ್ಲಿ ನಿಂತ. ಸುತ್ತಲೂ ಜನ ಸೇರಿದರು.

"ಈ ಹೆಂಚು ಬೆಂಕಿಯಿಂದ ಬಿದ್ದದ್ದೋ?"

"ನಾನೇ ಕಿತ್ತು ಎಸೆದದ್ದು" ಎಂದ ವೃಷಭೇಂದ್ರಪ್ಪ.

"ಯಾಕೆ?"

"ಸಿಟ್ಟು ಬಂತು."

ಗುಮಾಸ್ತ ಕನ್ನಡಕ ಏರಿಸಿದ. "ಸಿಟ್ಟಿಗೆಲ್ಲ ಸರ್ಕಾರ ಪರಿಹಾರ ಕೊಡೋದಿಲ್ಲ." ಪುಸ್ತಕದಲ್ಲಿ ಬರೆಯುತ್ತ ಗಟ್ಟಿಯಾಗಿ ಓದಿದ: "ಮನೆಯ ಯಜಮಾನ ಬುದ್ಧಿ ಸ್ವಾಧೀನವಿಲ್ಲದೆ ತಾನೇ ಹಾಳು ಮಾಡಿಕೊಂಡಿರುತ್ತಾನೆ." ಆಮೇಲೆ ಜನರ ಕಡೆ ತಿರುಗಿ ನಕ್ಕ. "ಹುಲ್ಲಿನ ಮೇಲೆ ಹೆಂಚು ಹೊದಿಸಿ ದೊಡ್ಡಸ್ತಿಕೆ ತೋರಿಸಿದ್ದನಂತೆ! ಇಂಥ ಸುಳ್ಳ, ಇಂಥ ಹುಚ್ಚ ಊರಿಗೊಬ್ಬ ಇರ್ತಾನೆ, ಏನು ಮಾಡೋದು?"

ಯಾರೂ ನಗಲಿಲ್ಲ. ಕೆಂಪಾಜಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಏನಂದ್ರಿ ಸಾ?"

"ನಿಮಗಲ್ಲಮ್ಮ, ಇವನಿಗೆ."

"ಅದೇ ಕೇಳ್ತಿರದು. ಅವ್ನ ಸುಳ್ಳ ಅಂತೀರಾ? ಅವ್ನು ನಮ್ಮೂರ ಸುಳ್ಳ! ಬೈಯಕ್ಕೆ ನಾವಿಲ್ವಾ? ಮೂರು ದಿನದಿಂದ ಗಂಟ್ಲು ಹರಿಯಂಗೆ ಬೈತಾ ಇಲ್ವಾ? ಬೆಂಕಿ ಬಂದಾಗ ಎಲ್ಲಿದ್ರಿ ನೀವು? ನೂರು ಜನ ಒಳಗೆ ಕೂತಿದ್ವಿ, ತನ್ನ ಮನೆ ತಾನೇ ಒಡ್ದು ಎಬ್ಬಿಸ್ದ. ಬರೀರಿ ಅದ! ಬರೀರಿ ನಿಮ್ಮ ಪುಸ್ತಕದಲ್ಲಿ!"

"ಅದಕ್ಕೆ ಕಾಲಂ ಇಲ್ಲಮ್ಮ."

"ಕಾಲಂ ಇಲ್ವಾ?" ಜಡೇಸ್ವಾಮಿ ಒಂದು ಹೆಜ್ಜೆ ಮುಂದೆ ಬಂದ. ಅವನ ಹಿಂದೆ ಊರು ಒಂದು ಹೆಜ್ಜೆ ಮುಂದೆ ಬಂತು. ಗುಮಾಸ್ತ ಪುಸ್ತಕ ಮುಚ್ಚಿದ. ಹನೂರಿನ ಬಸ್ಸಿಗೆ ಇನ್ನೂ ಎರಡು ಗಂಟೆ ಇದ್ದರೂ, ಬಸ್ಸು ತಪ್ಪೀತೆಂದು ಕೊಡೆ ಬಿಚ್ಚುವುದನ್ನೂ ಮರೆತು ಬಿಸಿಲಿನಲ್ಲೇ ಓಡುನಡಿಗೆಯಲ್ಲಿ ಹೋದ.

ಗುಡ್ಡದ ಹುಲ್ಲೆಲ್ಲ ಸುಟ್ಟುಹೋಗಿತ್ತು. ವೃಷಭೇಂದ್ರಪ್ಪನ ತೂತು ಬಿದ್ದ ಸೂರಿನ ಹೊಸ ಹೊದಿಕೆಗೆ ಹುಲ್ಲು ಎಲ್ಲಿಂದ ತರುವುದು? ಮಾರನೆಯ ಬೆಳಿಗ್ಗೆ ಕೆಂಪಾಜಮ್ಮ ತನ್ನ ಸೂರಿನ ಅಂಚಿನಿಂದ ಒಂದು ತೆಕ್ಕೆ ಎಳೆದು ತಂದು ಅವನ ಅಂಗಳದಲ್ಲಿ ಕುಕ್ಕಿದಳು. ಬಯ್ಯುತ್ತಲೇ ಕುಕ್ಕಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಇಪ್ಪತ್ತೊಂಬತ್ತು ಮನೆಯಿಂದ ಇಪ್ಪತ್ತೊಂಬತ್ತು ತೆಕ್ಕೆ. ಒಂದು ಕಪ್ಪು, ಒಂದು ಹಳದಿ, ಒಂದರಲ್ಲಿ ಗುಬ್ಬಚ್ಚಿಯ ಗೂಡು. ಜಡೇಸ್ವಾಮಿಯೂ ಇನ್ನಿಬ್ಬರೂ ಮೇಲೆ ಹತ್ತಿ ಕಟ್ಟತೊಡಗಿದರು. ಒಳಗೆ ಶಂಕರಮ್ಮ ಬಿಳಿಯ ಗೂಡುಗಳನ್ನು ಚಂದ್ರಿಕೆಯಿಂದ ಬಿಡಿಸುತ್ತಿದ್ದಳು.

ವೃಷಭೇಂದ್ರಪ್ಪ ಅಂಗಳದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಬಹಳ ಹೊತ್ತು ಅವನ ಬಾಯಿಂದ ಮಾತು ಹೊರಡಲಿಲ್ಲ. ಊರವರು ಕೆಲಸ ನಿಲ್ಲಿಸಿ, ಇವನಿಗೆ ಮೈ ಸರಿಯಿಲ್ಲವೇನೋ ಎಂದು ನೋಡತೊಡಗಿದರು.

"ಬಾವ, ಸರಿಯಾಗ್ಯದಾ?" ಎಂದು ಜಡೇಸ್ವಾಮಿ ಮೇಲಿನಿಂದ ಕೇಳಿದ.

ವೃಷಭೇಂದ್ರಪ್ಪ ಸೂರಿನ ಕಡೆ ಬೆರಳು ತೋರಿಸಿದ.

"ಎಡಕ್ಕೆ ಓರೆಯಾಗ್ಯದೆ ಕಣ್ಲಾ, ಕತ್ತೆ! ಕಣ್ಣು ಕಾಣಕ್ಕಿಲ್ವಾ?"

ಓರೆಯಾಗಿರಲಿಲ್ಲ. ನೂಲು ಹಿಡಿದು ಕಟ್ಟಿದ ಹಾಗಿತ್ತು. ಆದರೆ ಇಪ್ಪತ್ತೊಂಬತ್ತು ಮನೆಯವರ ಮುಂದೆ ನಿಂತು ಅವನಿಗೆ ಇನ್ನೇನು ಹೇಳಬೇಕೆಂದು ತಿಳಿಯಲಿಲ್ಲ.